ಕಾಯಿಲೆಯ ಪಾಲು ಕಾಯಿಲೆಗೆ

ಸಕ್ಕರೆ ಕಾಯಿಲೆ, ಬಿ.ಪಿ., ದಮ್ಮು ಎಂದು ಮೂವತ್ತು ತುಂಬುವ ಮೊದಲೇ ಡಾಕ್ಟರ ಚೀಟಿ ಹಿಡಿದು ಬರುವ ಮಕ್ಕಳು ನಮ್ಮ ಕೊಂಡ್ಲಹಳ್ಳಿಯಲ್ಲೂ ಇದ್ದೀರಿ. ಜಗಲಿ ಮೇಲೆ ಕೂತು "ಇನ್ನೇನೈತೆ ತಾತ, ಮುಗೀತು" ಅನ್ನುತ್ತೀರಿ. ಆ ಮಾತು ಕೇಳಿ ಸಂಕಟವಾಗುತ್ತದೆ. ನಡುವಯಸ್ಸಿನಿಂದಲೂ ಸಕ್ಕರೆ ಕಾಯಿಲೆ ಇಟ್ಟುಕೊಂಡೇ ರೇಷ್ಮೆ ಸೀರೆ ನೇಯ್ದವನು ನಾನು. ಆ ಸಲುಗೆಯಿಂದ ಹೇಳುತ್ತೇನೆ, ಕೇಳಿ.

ಕಾಯಿಲೆ ತನ್ನ ಪಾಲು ಕೇಳುತ್ತದೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಊಟ, ಒಂದಿಷ್ಟು ನಡಿಗೆ, ನಿದ್ದೆ, ಆಗಾಗ ರಕ್ತ ಪರೀಕ್ಷೆ. ಅಷ್ಟನ್ನು ಚೌಕಾಸಿ ಮಾಡದೆ ಕೊಟ್ಟುಬಿಡಿ. ಆದರೆ ಮಿಕ್ಕ ದಿನವನ್ನೂ ಅದರ ಹೆಸರಿಗೆ ಬರೆದುಕೊಡಬೇಡಿ.

ಗಾಂಧೀಜಿಗೆ ರಕ್ತದೊತ್ತಡ ಇತ್ತೆಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1927ರ ಮಾರ್ಚ್‌ನಲ್ಲಿ ಕೊಲ್ಲಾಪುರ, ನಿಪ್ಪಾಣಿ ಕಡೆ ಖಾದಿಗಾಗಿ ಊರೂರು ಸುತ್ತುತ್ತಿದ್ದಾಗ ಅವರು ಕುಸಿದರು. ವೈದ್ಯರು ಪ್ರವಾಸ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ನಮ್ಮ ನಂದಿಬೆಟ್ಟಕ್ಕೆ ಬಂದು ಜೂನ್ ಮೊದಲ ವಾರದವರೆಗೂ ಅಲ್ಲೇ ಉಳಿದರು. ಆಗ ಅವರಿಗೆ 57 ವರ್ಷ. ಹಟ ಮಾಡಿ ಎದ್ದು ಹೊರಡಲಿಲ್ಲ, ವಿಶ್ರಾಂತಿ ಎಂದರೆ ವಿಶ್ರಾಂತಿಯೇ. ಹಾಗೆಂದು ಸುಮ್ಮನೆ ಮಲಗಿರಲೂ ಇಲ್ಲ. ಪ್ರಾರ್ಥನೆ ಬಿಡಲಿಲ್ಲ, ಕೂತಲ್ಲೇ ನೂತರು, ಆಶ್ರಮದವರಿಗೆ ಕಾಗದ ಬರೆದರು. ಚೇತರಿಸಿಕೊಂಡ ಮೇಲೆ ಬೆಂಗಳೂರಿಗೆ ಇಳಿದು, ಮೈಸೂರು ಸಂಸ್ಥಾನದ ಊರುಗಳಿಗೆ ಮತ್ತೆ ಖಾದಿಯ ಕೆಲಸಕ್ಕೆ ಹೊರಟರು. ರಕ್ತದೊತ್ತಡ ಆಮೇಲೂ ಅವರನ್ನು ಕಾಡಿತು. ಅದೇ ದೇಹ 1930ರಲ್ಲಿ ಸಾಬರಮತಿಯಿಂದ ದಂಡಿಯವರೆಗೆ 24 ದಿನಗಳಲ್ಲಿ ಸುಮಾರು 385 ಕಿಲೋಮೀಟರ್ ನಡೆಯಿತು. ನಾನು ಆ ನಡಿಗೆಗಿಂತ ಹೆಚ್ಚಾಗಿ ನೆನೆಯುವುದು ನಂದಿಯ ಆ ದಿನಗಳನ್ನು. ಕೈಲಾಗದ ಹೊತ್ತಿನಲ್ಲಿ ಕೈಲಾಗುವಷ್ಟನ್ನು ಹುಡುಕಿಕೊಳ್ಳುವುದು ನಡೆಯುವುದಕ್ಕಿಂತ ಕಷ್ಟ.

ನೇಕಾರಿಕೆಯಲ್ಲಿ ಇದಕ್ಕೆ ದಾರಿ ಇದೆ. ಮಗ್ಗದ ಗುಂಡಿಗೆ ಕಾಲಿಳಿಸಿ ಕೂರಲಾಗದ ದಿನ ಕಂಡಿಕೆ ಸುತ್ತುತ್ತೇನೆ. ಕಡಿದ ಎಳೆ ಕೂಡಿಸುತ್ತೇನೆ. ಕಲಿಯುವ ಹುಡುಗರ ಪಕ್ಕ ಕೂತು ಅಂಚು ಸೊಟ್ಟಗಾಗದಂತೆ ನೋಡುತ್ತೇನೆ. ಸೀರೆಗೆ ಇವೆಲ್ಲವೂ ಬೇಕು. ನಿಮ್ಮ ಶೇಂಗಾ ಹೊಲದಲ್ಲೂ, ಅಂಗಡಿಯಲ್ಲೂ, ಓದಿನಲ್ಲೂ ಅಂಥ ಕೂತು ಮಾಡುವ ಕೆಲಸ ಇದ್ದೇ ಇರುತ್ತದೆ. ಮೈ ಸರಿಯಿಲ್ಲದ ದಿನಕ್ಕೆಂದು ಅದನ್ನು ಮೊದಲೇ ತೆಗೆದಿಡಿ. ಇನ್ನೊಂದು ಮಾತು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ: ಕೈ ನಡುಗಿ, ಬೆವರೊಡೆದು, ಕಣ್ಣು ಮಂಜಾದರೆ ಸಕ್ಕರೆ ಇಳಿದಿದೆ ಎಂದರ್ಥ. ಆಗ ಲಾಳಿ ಕೆಳಗಿಟ್ಟು ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಇನ್ನೊಂದು ಗೇಣು ನೇಯ್ದು ಏಳೋಣ ಅಂದುಕೊಳ್ಳಬೇಡಿ.

ಇನ್ನು ಭಕ್ತಿಯ ವಿಚಾರ. ಇದನ್ನು ಹೇಳಲೆಂದೇ ಇಷ್ಟು ದೂರ ಬಂದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯನ್ನು ನಂಬಿದ ಸೀಮೆ ನಮ್ಮದು. ಈ ಬರಡು ನೆಲದಲ್ಲಿ ಕೆರೆ ಕಟ್ಟಿಸಿದ ಅವಧೂತರು ಎಂದು ನಮ್ಮ ಹಿರಿಯರು ಅವರನ್ನು ನೆನೆಯುತ್ತಿದ್ದರು. ಮಾಡಿದಷ್ಟು ನೀಡು ಭಿಕ್ಷೆ ಎಂದ ಸ್ವಾಮಿ ಆಗದ್ದನ್ನು ನಿಮ್ಮಿಂದ ಕೇಳುವುದಿಲ್ಲ. ತೇರಿಗೆ ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊರುತ್ತೀರಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಮರಗಟ್ಟುವುದುಂಟು. ಆಗ ಫಾಲ್ಗುಣದ ಬಿಸಿಲಲ್ಲಿ ಕಾದ ಡಾಂಬರು ಬೊಬ್ಬೆ ಎಬ್ಬಿಸಿದರೂ, ಜಾಲಿ ಮುಳ್ಳು ನಾಟಿದರೂ ತಿಳಿಯುವುದಿಲ್ಲ. ಆ ಗಾಯ ಮಾಗದೆ ಕೀವಾಗಿ ಬೆರಳು, ಕಾಲು ತೆಗೆಸುವವರೆಗೆ ಹೋಗಬಹುದು. ಚಪ್ಪಲಿ ಮೆಟ್ಟಿ ಹೋಗಿ. ಗುಡಿಯ ಹೊರಗೆ ಬಿಟ್ಟು, ಬಂದಮೇಲೆ ಅಂಗಾಲು ತೊಳೆದು ನೋಡಿಕೊಳ್ಳಿ. ಉಪವಾಸದ ಹರಕೆಯನ್ನು ಡಾಕ್ಟರ ಹತ್ತಿರ ಮಾತಾಡದೆ ಹೊರಬೇಡಿ. ಅದರ ಬದಲು ದಾಸೋಹದಲ್ಲಿ ಕೂತು ತರಕಾರಿ ಹೆಚ್ಚಿಕೊಡಿ, ಬಂದವರಿಗೆ ಎಲೆ ಹಾಕಿ. ನನ್ನ ಹರಕೆ ಈಗ ಅದೇ. ಹಸಿದವರಿಗೆ ಬಡಿಸಿ ಬಂದ ದಿನ ನನ್ನ ಮನಸ್ಸು ಕಾಯಿಲೆಯ ಸುತ್ತ ಸುತ್ತುವುದಿಲ್ಲ.

ದೇವರು ಕೊಟ್ಟ ಶಿಕ್ಷೆ ಇದು, ಹಿಂದಿನ ಜನ್ಮದ ಪಾಪ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಬೇರು ಅರೆದು ಕೊಡುತ್ತೇವೆ, ಇನ್ಸುಲಿನ್ ಬಿಡು ಎನ್ನುವವರ ಮಾತಂತೂ ಖಂಡಿತ ಬೇಡ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಅದನ್ನು ಚುಚ್ಚುವವರೆಗೆ, ಎಳೆ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಆ ಔಷಧಿಯನ್ನೂ ದೇವರ ಪ್ರಸಾದದಂತೆಯೇ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಿ.

ಹೆಣ್ಣುಮಕ್ಕಳೇ, ಗಂಡು ನೋಡಲು ಬಂದಾಗ ಮನೆಯವರು ಕಾಯಿಲೆ ಮುಚ್ಚಿಡು ಎನ್ನುತ್ತಾರೆ. ಮುಚ್ಚಿಟ್ಟರೆ ಅತ್ತೆ ಮನೆಯಲ್ಲಿ ಕದ್ದು ಮಾತ್ರೆ ನುಂಗಬೇಕು, ಹೊತ್ತು ತಪ್ಪುತ್ತದೆ, ಬಸುರಿಯಾದಾಗ ಅದು ತಾಯಿಗೂ ಕೂಸಿಗೂ ಅಪಾಯ. ಹೇಳಿಯೇ ಮದುವೆಯಾಗಿ ತಾಯೀ. ಕೇಳಿ ಹಿಂದೆ ಸರಿಯುವ ಮನೆ ನಿಮ್ಮನ್ನು ಕಷ್ಟದಲ್ಲಿ ನೋಡಿಕೊಳ್ಳುವ ಮನೆ ಆಗಿರಲಿಲ್ಲ. ನಿಮ್ಮ ಅಪ್ಪ ಅಮ್ಮನಿಗೆ ಇದನ್ನು ಹೇಳಲು ಭಯವಾದರೆ ನಾನೇ ಬಂದು ಹೇಳುತ್ತೇನೆ.

ಮನೆಯಲ್ಲಿ ಫ್ರಿಜ್ ಇಲ್ಲವೆಂದು ಔಷಧಿ ಬಿಡಬೇಡಿ. ಇನ್ಸುಲಿನ್ ಬಾಟಲಿಯನ್ನು ನೀರು ಸೋಕದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ನೆರಳಿಗಿಡಿ. ತೀರುವುದಕ್ಕೆ ವಾರ ಮೊದಲೇ ತರಿಸಿಕೊಳ್ಳಿ. ದುಡ್ಡಿಲ್ಲದಿದ್ದರೆ, ತರುವವರಿಲ್ಲದಿದ್ದರೆ ನಾಚಿಕೊಳ್ಳದೆ ನನ್ನ ಮಗ್ಗದ ಮನೆಗೆ ಬನ್ನಿ. ಚಳ್ಳಕೆರೆಗೆ ಹೋಗುವವರ ಕೈಯಲ್ಲಿ ತರಿಸಿಕೊಡುತ್ತೇನೆ.