ಹೊಸ್ತಿಲ ಹುಣ್ಣಿಮೆಯ ಹುಟ್ಟುಹಬ್ಬ: ಒಂದು ಭಾಷಾ ಪಾಠ



‘ಹುಟ್ಟುಹಬ್ಬ’ ಎಂಬ ಪದವನ್ನು ಬಿಡಿಸಿ ಬರೆಯಿರಿ ಎಂದರೆ ನೀವೆಲ್ಲರೂ ‘ಹುಟ್ಟು + ಹಬ್ಬ’ ಎಂದು ಸರಿಯಾಗಿಯೇ ಬರೆಯುತ್ತೀರಿ. ಆದರೆ ‘ಹಬ್ಬ’ ಎಲ್ಲಿಂದ ಬಂತು ಎಂದು ಕೇಳಿದರೆ ತರಗತಿಯಲ್ಲಿ ಮೌನ! ಸಂಸ್ಕೃತದ ‘ಪರ್ವ’ ಎಂಬ ಪದ ಕನ್ನಡದಲ್ಲಿ ‘ಪಬ್ಬ’ವಾಗಿ, ಮುಂದೆ ಪಕಾರಕ್ಕೆ ಹಕಾರ ಬಂದು ‘ಹಬ್ಬ’ವಾಯಿತು. ಹಾಲು, ಹೂವು, ಹಾವು ಇವೆಲ್ಲವೂ ಹಳಗನ್ನಡದಲ್ಲಿ ಪಾಲ್, ಪೂ, ಪಾವು ಆಗಿದ್ದವು ಎಂಬುದನ್ನು ನೆನಪಿಸಿಕೊಳ್ಳಿ. ಪರ್ವ ಎಂದರೆ ಗಿಣ್ಣು ಎಂಬ ಅರ್ಥವೂ ಇದೆ. ಬಿದಿರು, ಕಬ್ಬುಗಳಲ್ಲಿ ಅಲ್ಲಲ್ಲಿ ಗಿಣ್ಣು ಇರುವಂತೆ ಕಾಲಕ್ಕೂ ಗಿಣ್ಣುಗಳಿವೆ; ಹುಣ್ಣಿಮೆ, ಅಮಾವಾಸ್ಯೆಗಳನ್ನು ಪರ್ವದಿನಗಳೆಂದು ಕರೆಯುವುದು ಅದಕ್ಕಾಗಿಯೇ.

ಅರಬ್ಬಿ ಪಾಠದಲ್ಲಿ ನೀವು ‘ಈದ್ ಮೀಲಾದ್’ ಎಂದು ಕಲಿತಿದ್ದೀರಿ. ಈದ್ ಎಂದರೆ ಹಬ್ಬ, ಮೀಲಾದ್ ಎಂದರೆ ಹುಟ್ಟು. ನಮ್ಮ ಪದಕ್ಕೂ ಅವರ ಪದಕ್ಕೂ ಅಕ್ಷರವೊಂದೂ ಸೇರುವುದಿಲ್ಲ, ಕಟ್ಟಡ ಮಾತ್ರ ಒಂದೇ. ಸರಿಯಾದ ಪದ ಹೀಗೆ ಕೈಯಲ್ಲೇ ಇರುವಾಗ ಕೆಲವರು ಪ್ರಬಂಧದಲ್ಲಿ ‘ನಮ್ಮ ಅಜ್ಜಿಯ ಜಯಂತಿ’ ಎಂದು ಬರೆಯುತ್ತೀರಿ. ದಯವಿಟ್ಟು ಬೇಡ. ಬಸವ ಜಯಂತಿ, ಗಾಂಧಿ ಜಯಂತಿ ಎಂದು ಗತಿಸಿದ ಮಹನೀಯರಿಗೆ ಹೇಳುವ ರೂಢಿ. ಬದುಕಿರುವ ಅಜ್ಜಿಗೆ ಹುಟ್ಟುಹಬ್ಬವೇ ಚೆಂದ. ಹಾಗೆಯೇ ‘ಶುಭಾಷಯ’ ಅಲ್ಲ, ‘ಶುಭಾಶಯ’. ಶುಭ + ಆಶಯ, ಸವರ್ಣದೀರ್ಘ ಸಂಧಿ.

ಈ ವರ್ಷ ಏಳನೆಯ ತರಗತಿಗೆ ನಾವು ಕೊಟ್ಟ ಚಟುವಟಿಕೆ ಇದು: ‘ನಿಮ್ಮ ಅಜ್ಜ ಅಥವಾ ಅಜ್ಜಿ ನಿಜವಾಗಿ ಹುಟ್ಟಿದ ದಿನವನ್ನು ಕಂಡುಹಿಡಿಯಿರಿ.’ ‘ನಿಜವಾಗಿ’ ಎಂಬ ಮಾತನ್ನು ಏಕೆ ಸೇರಿಸಿದೆವೆಂದು ಪೋಷಕರಿಗೆ ಹೇಳಬೇಕಾಗಿಲ್ಲ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನಾಂಕ ಜೂನ್ 1 ಎಂದೇ ಇರುತ್ತದೆ. ಊರಿನಲ್ಲಿ ಶಾಲೆ ಆರಂಭವಾಗುವುದು ಜೂನ್ ತಿಂಗಳಲ್ಲಿ. ಜನನ ಪತ್ರವಿಲ್ಲದ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಮುಖ್ಯೋಪಾಧ್ಯಾಯರು ವಯಸ್ಸಿನ ಲೆಕ್ಕ ಸರಿಹೊಂದುವಂತೆ ಒಂದು ದಿನಾಂಕ ಬರೆದುಕೊಳ್ಳುತ್ತಿದ್ದರು. ಅದೇ ಮುಂದೆ ಎಲ್ಲ ದಾಖಲೆಗಳಿಗೂ ಹೋಯಿತು. ದೊಡ್ಡವರ ವಿಷಯದಲ್ಲೂ ಇಂಥ ಗೊಂದಲ ಇಲ್ಲದಿಲ್ಲ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15 ಎಂಬುದರಲ್ಲಿ ಎಲ್ಲರೂ ಒಪ್ಪುತ್ತಾರೆ. ಆದರೆ ವರ್ಷವನ್ನು ಕೆಲವು ಪುಸ್ತಕಗಳು 1860 ಎಂದೂ ಕೆಲವು 1861 ಎಂದೂ ಕೊಡುತ್ತವೆ. 1960ರಲ್ಲಿ ಅವರ ಶತಮಾನೋತ್ಸವ ನಡೆದು, ಅಂಚೆ ಚೀಟಿ ಬಿಡುಗಡೆಯಾದಾಗ ಅವರು ಇನ್ನೂ ನಮ್ಮೊಡನಿದ್ದರು.

ಚಟುವಟಿಕೆಯಲ್ಲಿ ಅನೇಕರು ಪಾಸ್‌ಪೋರ್ಟ್ ನೋಡಿ ಬರೆದು ತಂದರು. ಒಬ್ಬ ವಿದ್ಯಾರ್ಥಿನಿ ಮಾತ್ರ ಖಾಲಿ ಹಾಳೆ ತಂದಳು. ಮನೆ ಇಲ್ಲೇ ಅಲ್ ಸದ್ದ್‌ನಲ್ಲಿ. ಹಾನಗಲ್ ಕಡೆಯ ಅವಳ ಅಜ್ಜಿ ಆಗಷ್ಟೇ ದೋಹಾಕ್ಕೆ ಬಂದಿದ್ದರು. ಪಾಸ್‌ಪೋರ್ಟಿನಲ್ಲಿ 1-6-1964. ‘ಅದು ಹೆಡ್‌ಮಾಸ್ತರು ಬರದದ್ದು. ಹೊಸ್ತಲ ಹುಣ್ಣಿವಿ ದಿನಾ ನಾ ಹುಟ್ಟಿದ್ದಂತ, ನಮ್ಮವ್ವ ಹೇಳತಿದ್ಲು. ಯಾವ ವರ್ಷ ಅಂತ ಗೊತ್ತಿಲ್ಲ’ ಎಂದರಂತೆ ಅಜ್ಜಿ. ಅವರ ಹುಟ್ಟುಹಬ್ಬವನ್ನು ಮನೆಯಲ್ಲಿ ಯಾರೂ ಎಂದೂ ಆಚರಿಸಿರಲಿಲ್ಲ. ವಿಚಾರಿಸೋಣವೆಂದರೆ ಅವ್ವ ಇಲ್ಲ, ಅಪ್ಪ ಇಲ್ಲ. ಉಳಿದಿರುವ ಸಾಕ್ಷಿ ಒಬ್ಬರೇ, ಊರಿನಲ್ಲಿರುವ ಅಜ್ಜಿಯ ಅಕ್ಕ. ಅವರಿಗೆ ಕಿವಿ ಮಂದ. ಫೋನಿನಲ್ಲಿ ಮೂರು ದಿನ ಪ್ರಯತ್ನಿಸಿದ ಮೇಲೆ, ಪಕ್ಕದಲ್ಲಿ ಒಬ್ಬರು ಕುಳಿತು ಪ್ರಶ್ನೆಯನ್ನು ಕೂಗಿ ಹೇಳಿದಾಗ ಉತ್ತರ ಬಂತು: ‘ಶಾಸ್ತ್ರಿ ತೀರಿಕೊಂಡ್ರು ಅಂತ ಸುದ್ದಿ ಬಂದಾಗ ಇಕಿನ್ನ ತೊಟ್ಟಲಕ ಹಾಕಿ ಭಾಳ ದಿನಾ ಆಗಿದ್ದಿಲ್ಲ.’

ಇಷ್ಟು ಸಾಕಿತ್ತು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ನಿಧನರಾದದ್ದು 1966ರ ಜನವರಿ 11ರಂದು. ಅದಕ್ಕೆ ಸ್ವಲ್ಪ ಹಿಂದಿನ ಹೊಸ್ತಿಲ ಹುಣ್ಣಿಮೆ ಯಾವುದು? ತರಗತಿಯಲ್ಲಿ ಕೆಲವರು 1966ರ ಜನವರಿ 7ರ ಹುಣ್ಣಿಮೆ ಎಂದರು. ಅದು ಪುಷ್ಯ ಮಾಸದ ಬನದ ಹುಣ್ಣಿಮೆ. ಹೊಸ್ತಿಲ ಹುಣ್ಣಿಮೆ ಮಾರ್ಗಶಿರ ಮಾಸದ್ದು, ಅಂದರೆ ಅದರ ಹಿಂದಿನದು: 1965ರ ಡಿಸೆಂಬರ್ 8, ಬುಧವಾರ. ನಾಲ್ಕು ದಿನದ ಕೂಸಿಗೆ ತೊಟ್ಟಿಲ ಶಾಸ್ತ್ರ ಆಗಿರುವುದಿಲ್ಲ, ಒಂದು ತಿಂಗಳ ಕೂಸಿಗೆ ಆಗಿರುತ್ತದೆ. ದೊಡ್ಡಜ್ಜಿಯ ಮಾತಿಗೂ ಇದೇ ಹೊಂದುತ್ತದೆ.

ಇನ್ನು ಸಂವತ್ಸರ. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳಿವೆ ಎಂಬುದು ನಿಮಗೆ ಗೊತ್ತು. 1987ರ ಯುಗಾದಿಗೆ ಪ್ರಭವ ಆರಂಭವಾಯಿತು. ಅಲ್ಲಿಂದ ಎಣಿಸುತ್ತ ಬಂದರೆ 2025ರ ಯುಗಾದಿಯಿಂದ 2026ರ ಯುಗಾದಿಯವರೆಗಿನದು 39ನೆಯದು, ವಿಶ್ವಾವಸು. ಅದರಲ್ಲಿ 60 ಕಳೆಯಿರಿ: 1965-66 ಕೂಡ ವಿಶ್ವಾವಸುವೇ! ಅಂದರೆ ಅಜ್ಜಿ ಹುಟ್ಟಿದ ಸಂವತ್ಸರವೇ ತಿರುಗಿ ಬಂದಿತ್ತು, ಮತ್ತು ಆ ವರ್ಷದ ಹೊಸ್ತಿಲ ಹುಣ್ಣಿಮೆ 2025ರ ಡಿಸೆಂಬರ್ 4ಕ್ಕೆ ಇತ್ತು. ಲೆಕ್ಕ ಮುಗಿದಾಗ ನವೆಂಬರ್ ಕೊನೆಯ ವಾರ. ಇನ್ನೊಂದು ತಿಂಗಳು ತಡವಾಗಿದ್ದರೆ ಅಜ್ಜಿಗೆ ಅರವತ್ತು ತುಂಬಿದ್ದು ಅಜ್ಜಿಗೇ ತಿಳಿಯದೆ ಕಳೆದುಹೋಗುತ್ತಿತ್ತು.

ಅರವತ್ತು ತುಂಬಿದಾಗ ಮಾಡುವ ಶಾಂತಿಗೆ ‘ಷಷ್ಟ್ಯಬ್ದಿ’ ಎನ್ನುತ್ತಾರೆ. ಷಷ್ಟಿ + ಅಬ್ದ. ಅಬ್ದ ಎಂದರೆ ವರ್ಷ. ಇಕಾರದ ಮುಂದೆ ಅಕಾರ ಬಂದು ಯಕಾರ ಆದೇಶವಾಗಿದೆ, ಯಣ್ ಸಂಧಿ. ಆಮಂತ್ರಣ ಪತ್ರಿಕೆಗಳಲ್ಲಿ ‘ಷಷ್ಠ್ಯಬ್ದಿ’ ಎಂದು ಮಹಾಪ್ರಾಣ ಹಾಕಿರುವುದನ್ನು ಎಷ್ಟೋ ಸಲ ನೋಡಿದ್ದೇವೆ. ಷಷ್ಠಿ ಎಂದರೆ ಆರನೆಯ ತಿಥಿ, ಚಂಪಾಷಷ್ಠಿಯಲ್ಲಿ ಇರುವುದು. ಷಷ್ಟಿ ಎಂದರೆ ಅರವತ್ತು. ಒಂದು ಮಹಾಪ್ರಾಣದಲ್ಲಿ ಅರವತ್ತು ಹೋಗಿ ಆರಾಗುತ್ತದೆ! ಅರವತ್ತಕ್ಕೇ ಏಕೆ ಈ ಮಹತ್ವ ಎಂದು ಕೇಳಿದವರಿಗೆ: ಗುರುಗ್ರಹ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ, ಶನಿ ಸುಮಾರು 30 ವರ್ಷ ತೆಗೆದುಕೊಳ್ಳುತ್ತವೆ. 12 ಮತ್ತು 30ರ ಲಘುತಮ ಸಾಮಾನ್ಯ ಅಪವರ್ತ್ಯ ಎಷ್ಟು? ಗಣಿತದ ಮೇಷ್ಟ್ರನ್ನು ಕೇಳಿ.

ಹುಣ್ಣಿಮೆಗಳನ್ನೂ ಎಣಿಸಿದೆವು. 8-12-1965ರಿಂದ 4-12-2025ರವರೆಗೆ 21,911 ದಿನಗಳು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಭಾಗಿಸಿದರೆ 742, ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಕರಿಹಲಗೆಯ ಮೇಲೆ ಈ ಉತ್ತರ ಬಂದಾಗ ಇಡೀ ತರಗತಿ ಚಪ್ಪಾಳೆ ತಟ್ಟಿತು. ಹಿಜರಿ ವರ್ಷದಲ್ಲಿ 12 ಚಾಂದ್ರಮಾಸಗಳು ಮಾತ್ರ, ನಮ್ಮ ಪಂಚಾಂಗದಂತೆ ಅಧಿಕ ಮಾಸ ಸೇರಿಸುವುದಿಲ್ಲ. ಆ ಲೆಕ್ಕದಲ್ಲಿ ಅಜ್ಜಿಗೆ ಆಗಲೇ 61 ವರ್ಷ 10 ತಿಂಗಳು. ಗರಂಗಾವೋ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುವುದೂ, ಆದರೂ ಆ ರಾತ್ರಿ ಬೆಳದಿಂಗಳು ತಪ್ಪದೇ ಇರುವುದೂ ಇದೇ ಕಾರಣದಿಂದ. ಅದು ರಂಜಾನಿನ 14ನೆಯ ರಾತ್ರಿ. ಸಾವಿರ ಹುಣ್ಣಿಮೆ ಕಂಡವರಿಗೆ ನಮ್ಮಲ್ಲಿ ಸಹಸ್ರಚಂದ್ರದರ್ಶನ ಶಾಂತಿ ಮಾಡುತ್ತಾರೆ. ಸಾವಿರವಾಗಲು 80 ವರ್ಷ 10 ತಿಂಗಳು ಬೇಕು. ಈ ಅಜ್ಜಿಗೆ ಇನ್ನೂ 258 ಬಾಕಿ, 2046ರ ಅಕ್ಟೋಬರಿಗೆ ಪೂರ್ತಿಯಾಗುತ್ತದೆ.

ಆಚರಣೆ ಹೇಗೆ ಎಂಬುದರ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯಿತಂತೆ. ಹೋಟೆಲಿನ ಹಾಲ್, ಮೂರಂತಸ್ತಿನ ಕೇಕ್ ಎಂದು ತಂದೆ ಹೇಳಿದರೆ, ಅಜ್ಜಿ ಎರಡು ಮಾತು ಹೇಳಿದರು. ತಾವು ಮೊಟ್ಟೆ ತಿನ್ನುವುದಿಲ್ಲ. ಮತ್ತು ಬಂದಾಗಿನಿಂದ ಫ್ಲ್ಯಾಟಿನ ಒಳಗೇ ಇದ್ದು ಸಾಕಾಗಿದೆ, ಹುಣ್ಣಿಮೆ ಚಂದ್ರನನ್ನು ನೋಡಬೇಕು. ಅಂದು ಗುರುವಾರ ಬೇರೆ, ಮಾರನೆಯ ದಿನ ರಜೆ. ಡಿಸೆಂಬರಿನ ದೋಹಾ ಹವೆಯ ಬಗ್ಗೆ ನಾವು ಹೇಳಬೇಕೆ? ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆ ಈ ಭಾಗ್ಯವಿಲ್ಲ, ಪಾಪ.

ಕೇಕನ್ನು ಮೊಮ್ಮಗಳೂ ತಾಯಿಯೂ ಸೇರಿ ಮನೆಯಲ್ಲೇ ಮಾಡಿದರು. ಇಲ್ಲಿ ಯಥೇಚ್ಛವಾಗಿ ಸಿಗುವ ಖರ್ಜೂರದ ಕೇಕ್. ಕೇಳಿದ ಪೋಷಕರಿಗಾಗಿ ವಿಧಾನ ಬರೆಯುತ್ತೇವೆ. 25 ಮೆತ್ತನೆಯ ಖರ್ಜೂರಗಳ ಬೀಜ ತೆಗೆದು ಮುಕ್ಕಾಲು ಕಪ್ ಬಿಸಿ ಹಾಲಿನಲ್ಲಿ ಎರಡು ಗಂಟೆ ನೆನೆಹಾಕಬೇಕು. ಅದಕ್ಕೆ ಅರ್ಧ ಕಪ್ ಸಕ್ಕರೆ ಸೇರಿಸಿ ನುಣ್ಣಗೆ ರುಬ್ಬಿ, ಅರ್ಧ ಕಪ್ ಎಣ್ಣೆ ಬೆರೆಸಬೇಕು. ಒಂದು ಕಪ್ ಮೈದಾಕ್ಕೆ ಒಂದು ಟೀ ಚಮಚ ಅಡಿಗೆ ಸೋಡಾ ಸೇರಿಸಿ ಜರಡಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಕಲಸುತ್ತ ಹೋಗಬೇಕು. ಜೋರಾಗಿ ತಿರುವಿದರೆ ಕೇಕ್ ಗಟ್ಟಿಯಾಗುತ್ತದೆ. ಬೇಕಿದ್ದರೆ ಅಕ್ರೋಟು ಚೂರುಗಳು, ಏಲಕ್ಕಿ. ತುಪ್ಪ ಸವರಿದ ಪಾತ್ರೆಗೆ ಸುರಿದು 180 ಡಿಗ್ರಿ ಶಾಖದ ಓವನ್ನಿನಲ್ಲಿ 35ರಿಂದ 40 ನಿಮಿಷ ಇಡಬೇಕು. ನಡುವೆ ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟಿರಬಾರದು. ಒಲೆಯಿಂದ ತೆಗೆದ ಕೂಡಲೇ ಕತ್ತರಿಸಿದರೆ ಪುಡಿಯಾಗುತ್ತದೆ, ಪೂರ್ತಿ ಆರಲಿ. ಮೊಟ್ಟೆಯಿಲ್ಲದೆ ಉಬ್ಬುವುದು ಹೇಗೆ? ಸೋಡಾ ಬಿಸಿಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಗುಳ್ಳೆಗಳು ಹಿಟ್ಟನ್ನು ಎತ್ತುತ್ತವೆ. ಮೊಟ್ಟೆಯಿಲ್ಲದ ಕೇಕ್ ಕನ್ನಡಿಗರಿಗೆ ಹೊಸದೂ ಅಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳು ಹೆಸರಾದದ್ದೇ ಅದರಿಂದ.

ಕೇಕಿನ ಮೇಲೆ ಬರೆಯುವುದು ದೊಡ್ಡ ಕೆಲಸವಾಯಿತು. ‘ಅಜ್ಜಿಗೆ ೬೦’ ಎಂದು ಬರೆಯಬೇಕು. ಕ್ರೀಮಿನಲ್ಲಿ ಜಕಾರ ಬರೆದು, ಅದಕ್ಕೆ ಗುಡಿಸು ಕೊಟ್ಟು, ಕೆಳಗೆ ಒತ್ತಕ್ಷರವನ್ನೂ ಕೂರಿಸುವಷ್ಟರಲ್ಲಿ ಮೊದಲ ಅಕ್ಷರ ಕರಗತೊಡಗಿತ್ತಂತೆ. ಮೂರನೆಯ ಪ್ರಯತ್ನದಲ್ಲಿ ಸರಿಹೋಯಿತು. ನಾವು ಕೊಟ್ಟ ಯಾವ ಶುದ್ಧಬರಹದ ಅಭ್ಯಾಸಕ್ಕೂ ಈ ಹುಡುಗಿ ಇಷ್ಟು ಶ್ರಮಪಟ್ಟಿದ್ದು ನಮಗೆ ನೆನಪಿಲ್ಲ.

ಹೊಸ್ತಿಲ ಹುಣ್ಣಿಮೆಯಂದು ಮನೆಯ ಹೊಸ್ತಿಲಿಗೆ ಪೂಜೆ. ಫ್ಲ್ಯಾಟಿನ ಬಾಗಿಲಿಗೆ ಮರದ ಹೊಸ್ತಿಲು ಎಲ್ಲಿಂದ ಬರಬೇಕು? ಒಂದು ಲೋಹದ ಪಟ್ಟಿ ಇದೆ ಅಷ್ಟೆ. ಅಜ್ಜಿ ಅದಕ್ಕೇ ಅರಿಶಿನ ಕುಂಕುಮ ಇಟ್ಟು, ಒಳಬದಿಗೆ ರಂಗೋಲಿ ಎಳೆದು ದೀಪ ಹಚ್ಚಿದರು. ಕೇಕಿನ ಮೇಲೆ ಮೇಣದಬತ್ತಿ ಇಡಲು ಒಪ್ಪಲಿಲ್ಲ. ‘ಹುಟ್ಟಿದ ದಿನಾ ದೀಪಾ ಹಚ್ಚಬೇಕ, ಊದಿ ಆರಸ್ತಾರೇನವಾ?’ ಎಂದರಂತೆ. ಈ ವಿಷಯದಲ್ಲಿ ನಾವು ಅಜ್ಜಿಯ ಪಕ್ಷ.

ಸಂಜೆ ಎಲ್ಲರೂ ಮೆಟ್ರೋದಲ್ಲಿ ಹೊರಟರು. ಅಲ್ ಸದ್ದ್ ನಿಲ್ದಾಣದಿಂದ ಗೋಲ್ಡ್ ಲೈನ್, ಬಿನ್ ಮಹಮೂದ್ ದಾಟಿ ಮುಶೈರಿಬ್‌ನಲ್ಲಿ ಇಳಿದು ಬೇರೆ ಗಾಡಿ ಹಿಡಿದರೆ ಮುಂದಿನದೇ ಅಲ್ ಬಿಡ್ಡಾ. ಆಹ್ವಾನವಿದ್ದುದರಿಂದ ನಾವೂ ಉದ್ಯಾನಕ್ಕೆ ಹೋಗಿದ್ದೆವು. ಅಲ್ಲಿ ಹುಲ್ಲಿನ ಮೇಲೆ ಜಮಖಾನ, ಕೇಕ್, ಮಂಡಕ್ಕಿ, ಮಿರ್ಚಿ. ಸೂರ್ಯ ಐದು ಗಂಟೆಗೆ ಮೊದಲೇ ಮುಳುಗುವ ದಿನಗಳವು. ಹುಣ್ಣಿಮೆಯ ಚಂದ್ರ ಸಮುದ್ರದ ಕಡೆಯಿಂದ ಮೇಲೆ ಬಂದಿದ್ದ. ಅಂದಿನದು ಭೂಮಿಗೆ ಹತ್ತಿರ ಬಂದ ದೊಡ್ಡ ಹುಣ್ಣಿಮೆ. ಡಿಸೆಂಬರಿನ ಹುಣ್ಣಿಮೆಚಂದ್ರ ಆಕಾಶದಲ್ಲಿ ಬಹಳ ಎತ್ತರಕ್ಕೆ ಏರುತ್ತಾನೆ, ಬೇಸಿಗೆಯ ಸೂರ್ಯನ ದಾರಿ ಹಿಡಿದು. ದೋಹಾದಲ್ಲಿ ನಡುರಾತ್ರಿಯ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಮಕ್ಕಳು ಓಡಿ ಆಡಿದರು. ಯಾರೂ ಬಲೂನು ಒಡೆಯಲಿಲ್ಲ, ಯಾರೂ ಮೈಕು ಹಿಡಿಯಲಿಲ್ಲ. ಅಜ್ಜಿ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಒಂದು ಸುತ್ತು ನಡೆದು ಬಂದು, ಊರಿಗೆ ಫೋನು ಹಚ್ಚಿಸಿಕೊಂಡು, ‘ಅಕ್ಕಾ, ಅರವತ್ತ ತುಂಬಿತು’ ಎಂದು ಗಟ್ಟಿಯಾಗಿ ಕೂಗಿದರು. ಆ ಕಡೆ ಎಷ್ಟು ಕೇಳಿಸಿತೋ. ಮೂರು ಸಲ ಕೂಗಿದರು.

ಪೋಷಕರು ಕೆಲವರು ಕೇಳಿದ್ದಾರೆ, ಪಾಸ್‌ಪೋರ್ಟಿನ ದಿನಾಂಕವನ್ನು ಏನು ಮಾಡುವುದು ಎಂದು. ಏನೂ ಮಾಡಬೇಡಿ. ವೀಸಾ, ವಿಮಾನದ ಟಿಕೆಟ್ ಎಲ್ಲದಕ್ಕೂ ಅದೇ ಇರಲಿ. ಹುಟ್ಟಿದ ದಿನವನ್ನು ಮನೆಯ ಒಂದು ಪುಸ್ತಕದಲ್ಲಿ ಸಂವತ್ಸರ, ಮಾಸ, ತಿಥಿ, ಇಂಗ್ಲಿಷ್ ತಾರೀಖು ಸಹಿತ ಬರೆದಿಡಿ, ಹೇಳಿದವರು ಯಾರು ಎಂಬುದನ್ನೂ ಬರೆಯಿರಿ.

ಅಭ್ಯಾಸ: ಹುಣ್ಣಿಮೆ, ವರುಷ, ಹಬ್ಬ ಇವುಗಳ ತತ್ಸಮ ರೂಪ ಬರೆಯಿರಿ. ‘ಅತ್ಯಂತ’, ‘ಪ್ರತ್ಯೇಕ’, ‘ಷಷ್ಟ್ಯಬ್ದ’ ಪದಗಳನ್ನು ಬಿಡಿಸಿ ಸಂಧಿ ಹೆಸರಿಸಿ. ನೀವು ಹುಟ್ಟಿದ ಸಂವತ್ಸರ ಯಾವುದು, ಅದು ಮತ್ತೆ ಬರುವಾಗ ಯಾವ ಇಸವಿ? ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು ಮನೆಯ ಅತಿ ಹಿರಿಯರನ್ನು ಮೊದಲು ಮಾತನಾಡಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ತನ್ನಿ.