ದೂರದ ದಾರಿಗೆ ಬುತ್ತಿ
(ನರ್ಸಿಂಗ್ ಕಲಿಯುವ ಮಕ್ಕಳಿಗೂ ಅವರ ಮನೆಯವರಿಗೂ ಒಂದು ಪಾಠ)



ಸಂಜೆ ಏಳು ಗಂಟೆ. ಕೃಷ್ಣಾ ತೀರದ ಉಗಾರ ಬುದ್ರುಕದಂಥ ಊರಿನ ಒಂದು ಮನೆಯಲ್ಲಿ ಎಲ್ಲರೂ ಜಪಸರಕ್ಕೆ ಕೂಡುವ ಹೊತ್ತು. ಆಗ ಮಿರಜದಿಂದಲೋ ಬೆಳಗಾವಿಯಿಂದಲೋ ಮಗಳ ಫೋನು ಬರುತ್ತದೆ. “ಅವ್ವಾ, ಹಗಲೆಲ್ಲ ಕ್ಲಾಸ ಆತು, ಈಗ ನೈಟ್ ಡ್ಯೂಟಿ. ಬರಿಯೂದು ಹಂಗ ಉಳದೈತಿ. ನನ್ನ ಕೈಲೆ ಆಗವಲ್ದು.” ತಾಯಿ ಹೇಳುತ್ತಾಳೆ: “ತಾಳ್ಕೋ ಮಗಳ, ದೇವರದಾನ. ನಾಕು ದಿನ ಕಷ್ಟಪಟ್ರ ಮುಂದ ಸುಖ ಐತಿ.”

ಪ್ರೀತಿಯಿಂದ ಬಂದ ಮಾತು ಇದು. ಆದರೆ ಇಷ್ಟೇ ಸಾಕೇ? ನರ್ಸಿಂಗ್ ಎಂದರೆ ಸೇವೆ, ಸೇವೆ ಎಂದರೆ ತ್ಯಾಗ ಎಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಹೀಗಾಗಿ ದಣಿದ ಮಗಳು ತನ್ನಲ್ಲಿ ಭಕ್ತಿ ಕಡಿಮೆಯಾಯಿತೆಂದೋ, ತನಗೆ ಈ ಕರೆಯೇ ಇಲ್ಲವೆಂದೋ ಒಳಗೊಳಗೇ ನೊಂದುಕೊಳ್ಳುತ್ತಾಳೆ. ಈ ದಣಿವಿಗೆ ವಿಶ್ವಾಸದ ಬೆಳಕಿನಲ್ಲಿ ಉತ್ತರ ಹುಡುಕುವುದೇ ಇಂದಿನ ಪಾಠ.

1. ಭಾರ ಎಲ್ಲಿಂದ ಬರುತ್ತದೆ?

ನಮ್ಮ ಗಡಿಭಾಗಕ್ಕೆ ನರ್ಸಿಂಗ್ ಹೊಸದಲ್ಲ. ಡಾ. ವಿಲಿಯಂ ವಾನ್ಲೆಸ್ ಅವರು ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದದ್ದು 1894ರಲ್ಲಿ. ಅಂದಿನಿಂದ ಕೃಷ್ಣಾ ತೀರದ ಊರುಗಳ ಜನ ಔಷಧೋಪಚಾರಕ್ಕೆ ಆ ದಾರಿ ಹಿಡಿಯುತ್ತ ಬಂದಿದ್ದಾರೆ. ಆದರೆ ಕಲಿಕೆಯ ರೀತಿ ಈಗ ಬಿಗಿಯಾಗಿದೆ. ಮೂರೂವರೆ ವರ್ಷ ನಡೆಯುತ್ತಿದ್ದ ಜಿ.ಎನ್.ಎಂ. ತರಬೇತಿ 2015ರ ಪಠ್ಯಕ್ರಮದಿಂದ ಮೂರು ವರ್ಷಕ್ಕೆ ಇಳಿಯಿತು. ಜಿ.ಎನ್.ಎಂ. ಮುಗಿಸಿದವರು ಪದವಿ ಪಡೆಯಲು ಸೇರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಎರಡೇ ವರ್ಷದ್ದು. ಅದಕ್ಕೆ ಸೇರುವವರಲ್ಲಿ ಮದುವೆಯಾದವರೂ ಚಿಕ್ಕ ಮಕ್ಕಳ ತಾಯಂದಿರೂ ಇರುತ್ತಾರೆ.

ಮನೆಯವರು ತಿಳಿಯಲೇಬೇಕಾದ ಒಂದು ನಿಯಮವಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಪರೀಕ್ಷೆಗೆ ಕೂಡಲು ಶೇ. 80 ಹಾಜರಿ ಬೇಕು. ಆದರೆ ವಾರ್ಡಿನ ಕೆಲಸದಲ್ಲಿ, ಅಂದರೆ ಕ್ಲಿನಿಕಲ್ ಪೋಸ್ಟಿಂಗಿನಲ್ಲಿ, ಶೇ. 100 ಹಾಜರಿ ಪೂರ್ತಿಯಾಗದೆ ಕೊನೆಗೆ ಡಿಪ್ಲೊಮಾ ಅಥವಾ ಪದವಿ ಕೈಗೆ ಬರುವುದಿಲ್ಲ. ತಪ್ಪಿದ ಪ್ರತಿಯೊಂದು ದಿನವನ್ನೂ ಮುಂದೆ ಮಾಡಿಕೊಡಲೇಬೇಕು. ಇಂದು ಬಿಟ್ಟ ಡ್ಯೂಟಿ ನಾಳೆಯ ಸಾಲ.

ಇದರ ಜೊತೆಗೆ ಮೆಡಿಕಲ್ ವಾರ್ಡು, ಸರ್ಜಿಕಲ್ ವಾರ್ಡು, ಆಪರೇಷನ್ ಥಿಯೇಟರು, ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಹಳ್ಳಿಯ ಸಮುದಾಯ ಆರೋಗ್ಯ ಎಂದು ಕೆಲವು ವಾರಕ್ಕೊಮ್ಮೆ ಜಾಗ ಬದಲಾಗುತ್ತದೆ. ಮಾನಸಿಕ ಆರೋಗ್ಯದ ಪೋಸ್ಟಿಂಗಿಗೆ ಉತ್ತರ ಕರ್ನಾಟಕದ ಅನೇಕ ಕಾಲೇಜುಗಳು ಮಕ್ಕಳನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕಳಿಸುತ್ತವೆ. ಹೋದಲ್ಲೆಲ್ಲ ಹೊಸ ರೋಗಿಗಳು, ಹೊಸ ಔಷಧಗಳು, ಕೇರ್ ಪ್ಲಾನ್, ಸಹಿ ಮಾಡಿಸಬೇಕಾದ ಪ್ರೊಸೀಜರ್ ಪುಸ್ತಕ. ಮನೆಯಲ್ಲಿ ಕೂತವರಿಗೆ ಇದೆಲ್ಲ “ಕಾಲೇಜು” ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ.

2. ದಣಿವು ಪಾಪವಲ್ಲ

ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನನ್ನು ನೋಡಿರಿ. ದೇವರಿಗಾಗಿ ಅಷ್ಟು ದೊಡ್ಡ ಕೆಲಸ ಮಾಡಿದವನು ರಾಣಿಯ ಬೆದರಿಕೆಗೆ ಅಂಜಿ ಮರುಭೂಮಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕುಸಿದು ಕೂತು, ತನ್ನ ಪ್ರಾಣ ತೆಗೆದುಕೊಂಡುಬಿಡು ಎಂದು ದೇವರನ್ನು ಬೇಡುತ್ತಾನೆ. ಆಗ ಬಂದ ದೂತನು ಅವನನ್ನು ಗದರಲಿಲ್ಲ, ವಿಶ್ವಾಸ ಸಾಲದೆಂದು ಉಪದೇಶಿಸಲೂ ಇಲ್ಲ. ಬಿಸಿ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟು ಎಬ್ಬಿಸಿದನು. ಎಲೀಯ ಉಂಡು ಮತ್ತೆ ಮಲಗಿದನು. ದೂತನು ಎರಡನೆಯ ಸಲವೂ ಬಂದು ಉಣಿಸಿದನು, ಮುಂದಿನ ದಾರಿ ದೂರವಿದೆಯೆಂದು ತಿಳಿಸಿದನು. ಆ ಬುತ್ತಿಯ ಬಲದಿಂದಲೇ ಅವನು ನಲವತ್ತು ದಿನ ನಡೆದು ದೇವರ ಬೆಟ್ಟ ಮುಟ್ಟಿದನು. ದೇವರು ಮೊದಲು ಕೊಟ್ಟ ಔಷಧ ನಿದ್ರೆ ಮತ್ತು ಊಟ. ಮಾತುಕತೆ ನಡೆದದ್ದು ಆಮೇಲೆ.

ಪ್ರಭು ಯೇಸುವೂ ಹಾಗೆಯೇ. ಉಣ್ಣಲೂ ಬಿಡುವಿಲ್ಲದಷ್ಟು ಜನ ಸೇರಿದಾಗ ಅವರು ತಮ್ಮ ಪ್ರೇಷಿತರನ್ನು ಏಕಾಂತ ಸ್ಥಳಕ್ಕೆ ಕರೆದು ವಿಶ್ರಮಿಸಲು ಹೇಳಿದರೆಂದು ಸಂತ ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯ ತಿಳಿಸುತ್ತದೆ. ದಾದಿಯರ ಪಾಲಕರಾದ ಸಂತ ಕಮಿಲ್ಲಸ್ (1550–1614) ತಾವೇ ವಾಸಿಯಾಗದ ಕಾಲಿನ ಹುಣ್ಣಿನಿಂದ ನರಳಿದವರು. ರೋಮಿನ ಆಸ್ಪತ್ರೆಯಲ್ಲಿ ರೋಗಿಗಳ ಅವಸ್ಥೆ ಕಂಡು ಮರುಗಿದ ಅವರು ಎಲ್ಲವನ್ನೂ ಒಬ್ಬರೇ ಹೊರಲು ಹೋಗಲಿಲ್ಲ, ಸಂಗಡಿಗರನ್ನು ಕೂಡಿಸಿದರು. ಸೇವೆ ಒಬ್ಬರ ಹೆಗಲ ಮೇಲೆ ನಿಲ್ಲುವಂಥದಲ್ಲ.

3. ನಿದ್ರೆ ರೋಗಿಯ ಹಕ್ಕೂ ಹೌದು

ನಿದ್ರೆಗೆಟ್ಟು ದುಡಿಯುವುದನ್ನು ನಾವು ಹೊಗಳುತ್ತೇವೆ. ಆದರೆ ನಿದ್ರೆಗೆಟ್ಟ ಕೈ ರೋಗಿಗೆ ಅಪಾಯ. ಸತತ 17 ತಾಸು ಎಚ್ಚರವಾಗಿದ್ದವರ ಚುರುಕು, ರಕ್ತದಲ್ಲಿ ಶೇ. 0.05 ಮದ್ಯಸಾರವಿರುವವರಷ್ಟೇ ಕುಂದುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ ಶೇ. 0.03 ಮಾತ್ರ. ಬೆಳಿಗ್ಗೆ ಆರಕ್ಕೆ ಎದ್ದು, ಹಗಲು ಮಲಗದೆ ನೈಟ್ ಡ್ಯೂಟಿಗೆ ಹೋದವಳು ರಾತ್ರಿ ಹನ್ನೊಂದಕ್ಕೇ ಆ 17 ತಾಸು ಮುಟ್ಟುತ್ತಾಳೆ. ಇಂಜೆಕ್ಷನ್ ಕೊಡುವ ಕೆಲಸ ಇನ್ನೂ ಬೆಳಗಿನವರೆಗೆ ಇರುತ್ತದೆ.

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ – ಈ ಐದನ್ನು ಪ್ರತಿಸಲವೂ ನೋಡಬೇಕೆಂದು ಮೊದಲ ವರ್ಷವೇ ಕಲಿಸುತ್ತಾರೆ. ತೂಕಡಿಸುವ ಕಣ್ಣು ಐದರಲ್ಲಿ ಒಂದನ್ನು ಬಿಟ್ಟರೆ ಸಾಕು. ಆದ್ದರಿಂದ ಡ್ಯೂಟಿಗೆ ಮುಂಚೆ ಮಲಗುವುದು ಸೋಮಾರಿತನವಲ್ಲ, ನೆರೆಯವನ ಮೇಲಿನ ಪ್ರೀತಿ.

ದಣಿದಾಗ ಸೂಜಿ ಚುಚ್ಚಿಕೊಳ್ಳುವುದೂ ಉಂಟು. ಬೈಯುತ್ತಾರೆಂದು ಅಡಗಿಸಬೇಡಿ. ಗಾಯವನ್ನು ಹಿಂಡದೆ ಸಾಬೂನು, ನೀರಿನಿಂದ ತೊಳೆದು ಕೂಡಲೇ ವಾರ್ಡಿನ ಇನ್‌ಚಾರ್ಜ್‌ಗೆ ತಿಳಿಸಿರಿ. ಎಚ್.ಐ.ವಿ. ತಡೆಯುವ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಅದನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. 72 ತಾಸು ದಾಟಬಾರದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು ಮೊದಲೇ ಪೂರ್ತಿ ಮಾಡಿಕೊಳ್ಳಿರಿ.

4. ವಿದ್ಯಾರ್ಥಿಗಳಿಗೆ ಕೆಲವು ಮಾತು

• ಡ್ಯೂಟಿ ಪಟ್ಟಿ ಕೈಗೆ ಬಂದ ದಿನವೇ ಪಾಳಿ, ಪರೀಕ್ಷೆ, ಒಪ್ಪಿಸಬೇಕಾದ ಬರಹ ಎಲ್ಲವನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಯಾವ ವಾರ ಬಿಗಿ ಎಂಬುದು ಮೊದಲೇ ಕಾಣುತ್ತದೆ.

• ಕೇರ್ ಪ್ಲಾನನ್ನು ರೋಗಿಯನ್ನು ನೋಡಿದ ದಿನವೇ ಬರೆಯಿರಿ. ಮರುದಿನಕ್ಕೆ ಬಿಟ್ಟರೆ ಅರ್ಧ ಮರೆತಿರುತ್ತದೆ. ನಿಮ್ಮ ಸ್ವಂತ ಟಿಪ್ಪಣಿ ಪುಸ್ತಕದಲ್ಲಿ ರೋಗಿಯ ಹೆಸರು ಬೇಡ.

• ಮಾಡಿದ ಪ್ರೊಸೀಜರಿಗೆ ಅದೇ ವಾರ ಸಹಿ ಹಾಕಿಸಿರಿ. ಪೋಸ್ಟಿಂಗ್ ಮುಗಿದ ಮೇಲೆ ಸಹಿಗಾಗಿ ಅಲೆಯುವುದು ಎರಡನೆಯ ಡ್ಯೂಟಿಯಾಗುತ್ತದೆ.

• ಡ್ಯೂಟಿಯ ದಿನ ಅರ್ಧ ತಾಸು ಓದಿದರೂ ಸಾಕು. ಹೆಚ್ಚಿನ ಓದನ್ನು ರಜೆಯ ದಿನಕ್ಕೆ ಇಡಿರಿ.

• ಬಾರದ ಕೆಲಸವನ್ನು ಬರುತ್ತದೆ ಎನ್ನಬೇಡಿ. “ಮೇಡಂ, ನನಗೆ ಇದು ಬರುವುದಿಲ್ಲ, ಒಮ್ಮೆ ತೋರಿಸಿರಿ” ಎನ್ನುವುದು ನಮ್ರತೆ. ಹಿಂದೆ ಬೀಳುತ್ತಿದ್ದೀರೆಂದು ಅನಿಸಿದ ಮೊದಲ ವಾರದಲ್ಲೇ ಶಿಕ್ಷಕರಿಗೆ ಹೇಳಿರಿ.

• ಭಾನುವಾರ ಡ್ಯೂಟಿ ಇದ್ದರೆ ಶನಿವಾರ ಸಂಜೆಯ ಬಲಿಪೂಜೆಯಿಂದಲೂ ಭಾನುವಾರದ ಕಟ್ಟಳೆ ಪೂರೈಸುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಅದೂ ಸಾಧ್ಯವಾಗದಂತೆ ರೋಗಿಗಳ ಸೇವೆ ಕಟ್ಟಿಹಾಕಿದ್ದರೆ ಮನಸ್ಸಿನಲ್ಲಿ ಕೊರಗಬೇಡಿ. ಗುರುಗಳೊಂದಿಗೆ ಮಾತಾಡಿರಿ. ವಾರ್ಡಿನ ಬಾಗಿಲಲ್ಲಿ ಒಂದು ಶಿಲುಬೆಯ ಗುರುತೂ ಪ್ರಾರ್ಥನೆಯೇ.

• ವಾರಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, ಎಲೀಯನಂತೆ ಸಾಯಬೇಕೆನಿಸಿದರೆ ಅದನ್ನು ಒಬ್ಬರೇ ಹೊರಬೇಡಿ. ಮನೆಯವರಿಗೆ, ಶಿಕ್ಷಕರಿಗೆ ಹೇಳಿರಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಯಾವಾಗ ಬೇಕಾದರೂ ಹಣವಿಲ್ಲದೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

5. ಮನೆಯವರ ಪಾಲು

ವಿಮೋಚನಾಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಜನರ ವ್ಯಾಜ್ಯ ಕೇಳುತ್ತಿದ್ದನು. ಹೀಗೆ ಮಾಡಿದರೆ ನೀನೂ ಸೋತುಹೋಗುವೆ, ಜನರೂ ಸೋತುಹೋಗುವರು ಎಂದು ಎಚ್ಚರಿಸಿ, ಕೆಲಸ ಹಂಚಲು ಕಲಿಸಿದವನು ಅವನ ಮಾವ ಇತ್ರೋ. ಸೊಸೆಯನ್ನು ಪೋಸ್ಟ್ ಬೇಸಿಕ್ ಓದಿಸುತ್ತಿರುವ ಅತ್ತೆ ಮಾವಂದಿರು ಇದನ್ನು ಗಮನಿಸಬೇಕು. ಡ್ಯೂಟಿ ಮುಗಿಸಿ ಬಂದವಳು ಮತ್ತೆ ಹತ್ತು ಜನರ ರೊಟ್ಟಿ ಬಡಿಯಬೇಕೆಂದರೆ ಆ ಎರಡು ವರ್ಷ ನಡೆಯುವುದಿಲ್ಲ. ಗಂಡನೂ ಮಗುವನ್ನು ಎತ್ತಿಕೊಳ್ಳಲಿ, ಒಲೆಯ ಮುಂದೆ ನಿಲ್ಲಲಿ.

ಮಗಳ ಡ್ಯೂಟಿ ಪಟ್ಟಿಯ ಒಂದು ಪ್ರತಿಯನ್ನು ಮನೆಯ ಗೋಡೆಗೆ ಅಂಟಿಸಿರಿ. ನೈಟ್ ಡ್ಯೂಟಿ ಮುಗಿಸಿ ಮಲಗಿದ ಹೊತ್ತಿನಲ್ಲಿ ಫೋನು ಮಾಡಬೇಡಿ. ಪ್ರತಿಯೊಂದು ಕುಬುಸ, ಜಾತ್ರೆ, ಮದುವೆಗೆ ಕರೆಯಬೇಡಿ. ಬಂದ ಒಂದು ದಿನವನ್ನು ಅವಳು ತೀರಿಸಲೇಬೇಕು. ಊರಿನಿಂದ ಆಸ್ಪತ್ರೆಗೆ ಬಂದ ಬೀಗರು, ನೆಂಟರೆಲ್ಲ “ನಮ್ಮ ಹುಡುಗಿ ಅಲ್ಲೇ ಅದಾಳ” ಎಂದು ಅವಳ ಒಂದು ರಜೆಯನ್ನೂ ಕಸಿಯದಂತೆ ತಂದೆಯೇ ತಡೆಯಲಿ. 2019ರ ಆಗಸ್ಟಿನಂತೆ ಕೃಷ್ಣೆ ಉಕ್ಕಿ ನಿಜವಾದ ಸಂಕಟ ಬಂದಾಗ ಮಾತ್ರ ಅವಳನ್ನು ಸುಮ್ಮನೆ ಕರೆತರದೆ, ಪ್ರಾಂಶುಪಾಲರಿಗೆ ತಿಳಿಸಿ, ರಜೆ ಬರೆದುಕೊಟ್ಟು ಕರೆತನ್ನಿರಿ.

ಕೊನೆಗೆ ಆ ಸಂಜೆಯ ಫೋನಿಗೆ ಮರಳೋಣ. “ತಾಳ್ಕೋ” ಎನ್ನುವ ಮೊದಲು ತಾಯಿ ಮೂರು ಪ್ರಶ್ನೆ ಕೇಳಲಿ: “ಉಂಡಿ? ಎಷ್ಟು ತಾಸು ಮಲಗಿದಿ? ನಿಮ್ಮ ಮೇಡಂಗ ಹೇಳಿದಿ?” ಆಮೇಲೆ ಅವಳ ಹೆಸರು ಹೇಳಿ ಒಂದು ಜಪಸರದ ರಹಸ್ಯವನ್ನು ಒಪ್ಪಿಸಲಿ. ದೂತನು ಎಲೀಯನಿಗೆ ತಂದ ಬುತ್ತಿ ಇಂದು ನಮ್ಮ ಕೈಯಿಂದಲೇ ಹೋಗಬೇಕು.

ಕುಟುಂಬದಲ್ಲಿ ಚರ್ಚಿಸಲು:

1. ನಮ್ಮ ಮನೆಯಲ್ಲಿ ಓದುವವರ ಯಾವ ಭಾರವನ್ನು ನಾವು ಈ ವಾರವೇ ಇಳಿಸಬಹುದು?

2. ದಣಿವೆಂದು ಹೇಳಿಕೊಂಡವರನ್ನು ನಾವು ಗದರಿದ್ದೇವೆಯೇ, ಉಣಿಸಿದ್ದೇವೆಯೇ?

3. ನಮ್ಮ ಧರ್ಮಕೇಂದ್ರದಲ್ಲಿ ನಿವೃತ್ತ ದಾದಿಯರಿದ್ದರೆ, ಕಲಿಯುವ ಮಕ್ಕಳಿಗೆ ಅವರ ಅನುಭವ ಸಿಗುವಂತೆ ಮಾಡುವುದು ಹೇಗೆ?

ಪ್ರಾರ್ಥನೆ: ಪ್ರಭುವೇ, ರಾತ್ರಿಯೆಲ್ಲ ರೋಗಿಗಳ ಬಳಿ ಎಚ್ಚರವಿರುವ ನಮ್ಮ ಮಕ್ಕಳನ್ನು ಕಾಪಾಡಿರಿ. ಅವರ ಕೈಗೆ ಜಾಗ್ರತೆ, ದೇಹಕ್ಕೆ ನಿದ್ರೆ, ಮನಸ್ಸಿಗೆ ಧೈರ್ಯ ಕೊಡಿರಿ. ಅವರ ಭಾರದಲ್ಲಿ ನಮ್ಮ ಪಾಲನ್ನು ಹೊರಲು ನಮಗೆ ಕಲಿಸಿರಿ. ಆಮೆನ್.