ಎದೆಯ ಮೇಲಿನ ಕೆಂಪು ಹೂ

ಸೈನಿಕನ ಸಮವಸ್ತ್ರದಲ್ಲಿ ಅವನ ಸ್ವಂತ ಇಚ್ಛೆಗೆ ಬಿಟ್ಟದ್ದು ಬಹು ಕಡಿಮೆ. ಗುಂಡಿ, ಪಟ್ಟಿ, ಪದಕ, ಟೋಪಿಯ ಲಾಂಛನ ಇವೆಲ್ಲಕ್ಕೂ ಗೊತ್ತುಪಡಿಸಿದ ಸ್ಥಾನವುಂಟು. ಅಲಂಕಾರಕ್ಕೆಂದು ಅವನು ಒಂದು ಹೂವನ್ನೂ ಸಿಕ್ಕಿಸಿಕೊಳ್ಳುವಂತಿಲ್ಲ. ಆದರೂ ಬ್ರಿಟನ್, ಕೆನಡಾ ಮೊದಲಾದ ದೇಶಗಳಲ್ಲಿ ನವೆಂಬರ್ ತಿಂಗಳು ಬಂತೆಂದರೆ ಯೋಧರ ಸಮವಸ್ತ್ರದ ಮೇಲೆ ಒಂದು ಚಿಕ್ಕ ಕೆಂಪು ಹೂ ಕಾಣಿಸಿಕೊಳ್ಳುತ್ತದೆ. ಇಷ್ಟು ಕಟ್ಟುನಿಟ್ಟಾದ ಉಡುಪು ಈ ಹೂವಿಗೆ ಎಡೆಗೊಟ್ಟುದೇಕೆ?

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಮ್ ದೇಶದ ಫ್ಲಾಂಡರ್ಸ್ ಪ್ರದೇಶವು ರಣಭೂಮಿಯಾಯಿತು. ನಮ್ಮ ಅಡುಗೆಮನೆಯ ಗಸಗಸೆಗೆ ಹತ್ತಿರದ ಸಂಬಂಧಿಯಾದ ಕೆಂಪು ಕಾಡುಹೂವೊಂದು ಅಲ್ಲಿ ಬೆಳೆಯುತ್ತದೆ. ಅದರ ಬೀಜವು ವರ್ಷಗಟ್ಟಲೆ ನೆಲದಲ್ಲಿ ಹುದುಗಿದ್ದು, ಮಣ್ಣು ಕದಡಿದಾಗ ಮೊಳೆಯುತ್ತದೆ. ಫಿರಂಗಿಯ ಗುಂಡುಗಳು ಸೀಳಿದ ಆ ನೆಲದಲ್ಲಿ, ಹೊಸ ಗೋರಿಗಳ ನಡುವೆ, ಈ ಹೂಗಳು ಅರಳಿದವು. 1915ರಲ್ಲಿ ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ ಆ ನೋಟವನ್ನು ಕವಿತೆಯಾಗಿಸಿದನು. ಅದನ್ನೋದಿದ ಅಮೆರಿಕದ ಅಧ್ಯಾಪಕಿ ಮೊಯಿನಾ ಮೈಕೆಲ್, ಮಡಿದವರ ನೆನಪಿಗಾಗಿ ಈ ಹೂವನ್ನು ಧರಿಸುವ ಸಂಕಲ್ಪವನ್ನು 1918ರಲ್ಲಿ ಮಾಡಿದಳು.

ಯುದ್ಧದಿಂದ ಬದುಕಿ ಬಂದವರ ಪಾಡಾದರೂ ಏನು? ಅವರಲ್ಲಿ ಅನೇಕರು ಅಂಗಹೀನರು, ನಿರುದ್ಯೋಗಿಗಳು. ಅವರ ನೆರವಿಗಾಗಿ 1921ರಲ್ಲಿ ಬ್ರಿಟನ್ನಿನ ಮಾಜಿ ಸೈನಿಕರ ಸಂಘವು ಕೃತಕ ಹೂಗಳನ್ನು ಮಾರಿ ಹಣ ಕೂಡಿಸತೊಡಗಿತು. ಮರುವರ್ಷ ಲಂಡನ್ನಿನಲ್ಲಿ ಒಂದು ಕಾರ್ಖಾನೆ ಆರಂಭವಾಯಿತು. ಅಲ್ಲಿ ಹೂಗಳನ್ನು ತಯಾರಿಸಿದವರು ಯುದ್ಧದಲ್ಲಿ ಅಂಗವಿಕಲರಾದ ಯೋಧರೇ. ಆದುದರಿಂದ ಈ ಹೂ ಆಭರಣವಲ್ಲ. ತೀರದ ಋಣವೊಂದರ ಗುರುತು.

ಋಣದ ಗುರುತನ್ನು ಧರಿಸುವುದಕ್ಕೂ ಒಂದು ಮರ್ಯಾದೆಯಿದೆ. ಕೆನಡಾದಲ್ಲಿ ಅಕ್ಟೋಬರಿನ ಕೊನೆಯ ಶುಕ್ರವಾರದಿಂದ ನವೆಂಬರ್ 11ರವರೆಗೆ ಹೂವನ್ನು ಎಡಗಡೆ, ಹೃದಯದ ಮೇಲೆ ಧರಿಸುತ್ತಾರೆ. ಅದನ್ನು ಮರೆಮಾಡುವ ಬೇರೆ ಬಿಲ್ಲೆಯನ್ನು ಚುಚ್ಚುವುದು ಸಲ್ಲದು. ಸ್ಮಾರಕದ ಬಳಿ ಮಾಲೆಯನ್ನಿಟ್ಟ ಸೈನಿಕನು ಒಂದು ಹೆಜ್ಜೆ ಹಿಂದೆ ಸರಿದು ವಂದಿಸುತ್ತಾನೆ. ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಮಡಿದ ಯೋಧನ ಪದಕವನ್ನು ಅವನ ಬಂಧುಗಳು ಧರಿಸುವುದುಂಟು. ಆದರೆ ಬಲಗಡೆಗೆ ಮಾತ್ರ. ಎಡಗಡೆ ಪದಕವನ್ನು ಗಳಿಸಿದವನದು. ಪರರ ಶೌರ್ಯವನ್ನು ಸ್ಮರಿಸಬಹುದು, ತನ್ನದೆಂದು ತೋರಿಸಿಕೊಳ್ಳಬಾರದು ಎಂಬುದೇ ಈ ನಿಯಮಗಳ ತಿರುಳು.

ನಾಗರಿಕನು ಹೂವನ್ನು ಧರಿಸಬಹುದು, ಬಿಡಬಹುದು. ಅದು ಅವನ ಮನಸ್ಸಾಕ್ಷಿಗೆ ಸೇರಿದ್ದು. ಸಮವಸ್ತ್ರ ತೊಟ್ಟವನಾದರೋ ಇಡೀ ನಾಡಿನ ಪರವಾಗಿ ನಿಂತಿರುತ್ತಾನೆ. ನಿಯಮದಂತೆ ನಡೆಯುವುದು ಅವನ ಕರ್ತವ್ಯ. ಆದರೆ ನಿಯಮವು ಹೂವಿನ ಸ್ಥಾನವನ್ನು ಹೇಳಬಲ್ಲದೇ ಹೊರತು, ಅದರ ಹಿಂದಿರಬೇಕಾದ ಕೃತಜ್ಞತೆಯನ್ನು ಹುಟ್ಟಿಸಲಾರದು.

ಈ ನೆನಪು ನಮಗೂ ದೂರದ್ದಲ್ಲ. ಅದೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಅಶ್ವದಳವು ಜೋಧಪುರದ ದಳದೊಡನೆ ಹೈಫಾ ನಗರದ ಮೇಲೆ ದಾಳಿಯಿಟ್ಟು ಗೆದ್ದಿತು. ಆ ದಳದ ಸ್ಮಾರಕ ಬೆಂಗಳೂರಿನಲ್ಲಿದೆ. ಸ್ವತಂತ್ರ ಭಾರತದಲ್ಲಿ 1949ರಿಂದ ಡಿಸೆಂಬರ್ 7ನ್ನು ಸಶಸ್ತ್ರ ಪಡೆಗಳ ಧ್ವಜ ದಿನವಾಗಿ ಆಚರಿಸುತ್ತೇವೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜವು ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಸೂಚಿಸುತ್ತದೆ. ಅದರಿಂದ ಬಂದ ಹಣ ಮಾಜಿ ಸೈನಿಕರಿಗೂ ಮಡಿದವರ ಕುಟುಂಬಗಳಿಗೂ ಸಲ್ಲುತ್ತದೆ.

ಕಾಗದದ ಧ್ವಜ ಸಂಜೆಗೆ ಮುದುಡುತ್ತದೆ. ಅದನ್ನು ಎದೆಗೆ ಚುಚ್ಚಿಕೊಂಡವನು ತನ್ನೂರಿನ ಮುದಿಯೋಧನೊಬ್ಬನನ್ನು ಕಂಡಾಗ ನಿಂತು, ನಮಸ್ಕರಿಸಿ, ಅವನ ಮಾತಿಗೆ ಕಿವಿಗೊಟ್ಟರೆ ಆ ಧ್ವಜ ಸಾರ್ಥಕ. ಕಂಡೂ ಕಾಣದಂತೆ ನಡೆದುಹೋದರೆ, ಅದು ಬರಿಯ ಕಾಗದ.

ಪ್ರಶ್ನೆಗಳು

1. ಫ್ಲಾಂಡರ್ಸಿನ ರಣಭೂಮಿಯಲ್ಲಿ ಕೆಂಪು ಹೂಗಳು ಅರಳಲು ಕಾರಣವೇನು?
2. ಬಂಧುವಿನ ಪದಕವನ್ನು ಬಲಗಡೆಗೆ ಧರಿಸುವುದರ ಅರ್ಥವೇನು?
3. ‘ಈ ಹೂ ಆಭರಣವಲ್ಲ, ತೀರದ ಋಣವೊಂದರ ಗುರುತು’ — ಈ ಮಾತನ್ನು ವಿವರಿಸಿರಿ.